ಮಾತು ಕಡಿಮೆ ಇರುವುದು ರೋಗವಲ್ಲ

ರಾಣೇಬೆನ್ನೂರು ತಾಲೂಕಿನ ಹಲಗೇರಿಯಿಂದ ರೈತರೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಮಗ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಅಂಕಗಳಿಗೇನೂ ಕೊರತೆಯಿಲ್ಲ. ರಜೆಗೆ ಊರಿಗೆ ಬಂದರೆ ಓಣಿಯವರ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿಕೊಂಡು ಕೂರುವವನು ಅವನೇ. ಆದರೆ, "ಮಂದಿ ಬಂದ್ರ ಒಳಗ ಹೋಗಿ ಕುಂಡ್ರತಾನ್ರೀ. ಲಗ್ನಕ್ಕ ಕರದ್ರ ಬರಂಗಿಲ್ಲ. ಕಾಲೇಜಿಗೆ ಕಂಪನಿಯವರು ಬಂದಿದ್ರಂತ, ಗುಂಪಿನ್ಯಾಗ ಕುಂತು ಮಾತಾಡ್ರಿ ಅಂದ್ರಂತ, ಇಂವ ಬಾಯಿನ ಬಿಡಲಿಲ್ಲಂತ. ಇದಕ್ಕ ಏನರ ಗುಳಿಗಿ ಐತೇನ್ರಿ ಡಾಕ್ಟರ್?" ಎಂದು ಕೇಳಿದ್ದಾರೆ. ಪತ್ರದ ಕೊನೆಯಲ್ಲಿ ಇನ್ನೊಂದು ಮಾತಿದೆ. ಕರೆಂಟಿನ ಲೈನು ಇಂಥವರಿಗೇ ಸರಿ, ಯಾರ ಜೊತೆಗೂ ಮಾತಾಡುವ ಕೆಲಸ ಬೀಳುವುದಿಲ್ಲ ಎಂದು ಬೀಗರೊಬ್ಬರು ಧೈರ್ಯ ಹೇಳಿದ್ದಾರಂತೆ. ಅದು ನಿಜವೇ ಎಂಬುದು ಅವರ ಎರಡನೆಯ ಪ್ರಶ್ನೆ.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಗುಳಿಗೆ ಇಲ್ಲ, ಬೇಕಾಗಿಯೂ ಇಲ್ಲ. ಎರಡನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಏಕೆಂದರೆ ಬೀಗರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧವನ್ನು ನಂಬಿಕೊಂಡು ಹೋದರೆ ಜೀವಕ್ಕೇ ಅಪಾಯವಿದೆ.

ಸ್ವಭಾವ ಎಂದರೇನು?

ಅಂತರ್ಮುಖಿ, ಬಹಿರ್ಮುಖಿ ಎಂಬ ವಿಂಗಡಣೆಯನ್ನು ಜನಪ್ರಿಯಗೊಳಿಸಿದವರು ಸ್ವಿಟ್ಜರ್‌ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್. 1921ರಲ್ಲಿ ಬಂದ ಅವರ ಗ್ರಂಥದಲ್ಲಿ ಇದರ ವಿವರಣೆ ಇದೆ. ಕೆಲವರ ಮನಸ್ಸಿನ ಶಕ್ತಿ ಹೊರಗಿನ ಜನ, ಘಟನೆಗಳ ಕಡೆಗೆ ಹರಿಯುತ್ತದೆ, ಇನ್ನು ಕೆಲವರದು ಒಳಗಿನ ಯೋಚನೆಗಳ ಕಡೆಗೆ ಎಂಬುದು ಅವರ ವಾದದ ತಿರುಳು. ಹಾಗೆಂದು ಯಾರೂ ಪೂರ್ತಿ ಒಳಮುಖವೂ ಅಲ್ಲ, ಪೂರ್ತಿ ಹೊರಮುಖವೂ ಅಲ್ಲ. ಎತ್ತರ ಇದ್ದಹಾಗೆ ಇದು. ಬಹುಪಾಲು ಜನ ನಡುವೆ ಎಲ್ಲೋ ಇರುತ್ತಾರೆ, ಎರಡು ತುದಿಗಳಲ್ಲಿ ಇರುವವರು ಕೆಲವರೇ.

ಮುಂದೆ ಲಂಡನ್ನಿನ ಹ್ಯಾನ್ಸ್ ಐಸೆಂಕ್ ಎಂಬ ಮನೋವಿಜ್ಞಾನಿ ಇದಕ್ಕೆ ಮಿದುಳಿನಲ್ಲಿ ಕಾರಣ ಹುಡುಕಿದರು. ಅಂತರ್ಮುಖಿಗಳ ಮಿದುಳು ಸಹಜವಾಗಿಯೇ ಹೆಚ್ಚು ಎಚ್ಚರದ ಸ್ಥಿತಿಯಲ್ಲಿ ಇರುತ್ತದೆ, ಆದ್ದರಿಂದ ಗದ್ದಲ, ಜನಸಂದಣಿ ಅವರಿಗೆ ಬೇಗ ಸಾಕಾಗುತ್ತದೆ ಎಂದು ಅವರು ಹೇಳಿದರು. ನಾಲಿಗೆಯ ಮೇಲೆ ನಾಲ್ಕು ಹನಿ ಲಿಂಬೆರಸ ಬಿಟ್ಟು, ಎಷ್ಟು ಜೊಲ್ಲು ಬರುತ್ತದೆಂದು ತೂಗುವ ಪರೀಕ್ಷೆಯೂ ನಡೆಯಿತು. ಅಂತರ್ಮುಖಿಗಳಿಗೆ ಹೆಚ್ಚು ಜೊಲ್ಲು ಬರುತ್ತದೆಂದು ವರದಿಯಾಯಿತು. (ಇದನ್ನು ಓದಿ ಮನೆಯಲ್ಲಿ ಮಗನ ಬಾಯಿಗೆ ಲಿಂಬೆಹಣ್ಣು ಹಿಂಡಲು ಹೋಗಬೇಡಿ. ಒಬ್ಬೊಬ್ಬರನ್ನು ಅಳೆಯುವಷ್ಟು ನಿಖರವಾದ ಪರೀಕ್ಷೆ ಅದಲ್ಲ.) ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ ಇಂಥ ಸ್ವಭಾವದಲ್ಲಿ ಅನುವಂಶೀಯತೆಯ ಪಾಲು ಹತ್ತಿರಹತ್ತಿರ ಅರ್ಧದಷ್ಟಿದೆ. ಮಗ ಮಾತಾಡುವುದಿಲ್ಲ ಎಂದು ಕೊರಗುವ ಮನೆಗಳಲ್ಲಿ ತಂದೆಯೋ ಸೋದರಮಾವನೋ ಹಾಗೆಯೇ ಇದ್ದರೆ ಆಶ್ಚರ್ಯವಿಲ್ಲ.

ನಮ್ಮ ಮನೆಗಳಲ್ಲಿ ಒಂದು ವಿಚಿತ್ರ ಪಕ್ಷಪಾತವಿದೆ. ಮಾತಾಡದ ಗಂಡುಹುಡುಗನಿಗೆ "ಮೂಗ", "ಮೊದ್ದ" ಎಂಬ ಬಿರುದು. ಮಾತಾಡದ ಹೆಣ್ಣುಹುಡುಗಿಗೆ "ಭಾಳ ಸಂಭಾವಿತ ಐತಿ" ಎಂಬ ಹೊಗಳಿಕೆ. ಎರಡರಿಂದಲೂ ಕೇಡೇ. ಹುಡುಗನಿಗೆ ತಾನು ಅರೆಕೊರೆಯವನು ಎಂಬ ಭಾವನೆ ಬಲಿಯುತ್ತದೆ. ಹುಡುಗಿಯ ಮೌನದ ಹಿಂದೆ ನಿಜವಾದ ಸಂಕಟವಿದ್ದರೂ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೌನಗಳಲ್ಲಿ ವ್ಯತ್ಯಾಸ

ಮಾತು ಕಡಿಮೆ ಎಂದು ಕರೆತರುವವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಲಾಗದು. ನಮ್ಮ ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು, ಆದರೆ ಯಾರೂ ಗುರುತಿಸದೆ ಬಿಡುವುದು, ಇಂಗ್ಲಿಷಿನ ಮೌನ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗ, ಊರ ಕಟ್ಟೆಯ ಮೇಲೆ ಎಲ್ಲರನ್ನೂ ನಗಿಸುತ್ತಿದ್ದವನು, ಕಾಲೇಜಿಗೆ ಹೋದ ಆರು ತಿಂಗಳಲ್ಲಿ ಮೂಲೆ ಸೇರುತ್ತಾನೆ. ಅವನಿಗೆ ಓಮ್‌ನ ನಿಯಮ ಗೊತ್ತು. ಅದನ್ನು ಇಂಗ್ಲಿಷಿನಲ್ಲಿ ನಾಲ್ಕು ಜನರ ಮುಂದೆ ಹೇಳುವುದು ಹೇಗೆಂದು ಗೊತ್ತಿಲ್ಲ. ಒಮ್ಮೆ ಹೇಳಹೋಗಿ ಹಿಂದಿನ ಬೆಂಚಿನವರು ನಕ್ಕರೆ ಮುಗಿಯಿತು, ಮತ್ತೆ ಬಾಯಿ ತೆರೆಯುವುದಿಲ್ಲ. ಇವನು ಅಂತರ್ಮುಖಿ ಅಲ್ಲವೇ ಅಲ್ಲ. ಇವನಿಗೆ ಬೇಕಾದದ್ದು ಭಾಷೆಯ ಅಭ್ಯಾಸ ಮತ್ತು ನಗದ ಗೆಳೆಯರು. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿದಂತೆ ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅವಕಾಶ ಕೊಟ್ಟಿತು. ಪಾಠ ಯಾವ ಭಾಷೆಯಲ್ಲೇ ನಡೆಯಲಿ, ಪ್ರಯೋಗಾಲಯದಲ್ಲಿ ಸಂದೇಹ ಕೇಳುವುದಕ್ಕಾದರೂ ಕನ್ನಡ ನಡೆಯುತ್ತದೆ ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದರೆ ಎಷ್ಟೋ ಬಾಯಿಗಳು ತೆರೆದುಕೊಳ್ಳುತ್ತವೆ.

ಇನ್ನೊಂದು ಹೆದರಿಕೆಯ ಮೌನ. ಅಂತರ್ಮುಖಿಗೆ ಜನರ ನಡುವೆ ಇರುವುದು ಬೇಸರ ತರುತ್ತದೆ, ಆಯಾಸ ತರುತ್ತದೆ. ಆದರೆ ಹೆದರಿಕೆ ಇರುವುದಿಲ್ಲ. ಬೇಕಾದಾಗ ಎದ್ದು ನಿಂತು ಹೇಳಬೇಕಾದ್ದನ್ನು ಹೇಳಿ ಕೂರುತ್ತಾನೆ. ಸಾಮಾಜಿಕ ಆತಂಕದ ತೊಂದರೆ ಇರುವವನಿಗೆ ಹಾಗಲ್ಲ. ನಾಲ್ಕು ಜನ ತನ್ನನ್ನು ನೋಡುತ್ತಿದ್ದಾರೆ ಎನ್ನುವಾಗಲೇ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ದನಿ ನಡುಗುತ್ತದೆ. ನಾಳೆ ವೈವಾ ಇದೆಯೆಂದರೆ ಇಂದು ರಾತ್ರಿ ನಿದ್ದೆ ಇಲ್ಲ. ಮಾತಾಡಬೇಕೆಂಬ ಆಸೆ ಅವನಿಗಿದೆ, ಆಗುವುದಿಲ್ಲ. ಸಾಮಾನ್ಯವಾಗಿ ಹದಿಹರೆಯದಲ್ಲಿ ಶುರುವಾಗುವ ಇದು ಆರು ತಿಂಗಳಿಗಿಂತ ಹೆಚ್ಚು ಕಾಲ ಉಳಿದು ಓದು, ಕೆಲಸ, ಗೆಳೆತನಗಳನ್ನು ಕೆಡಿಸುತ್ತಿದ್ದರೆ ಅದು ಕಾಯಿಲೆ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಯೋಚನೆಯ ದಾರಿಯನ್ನೂ ನಡವಳಿಕೆಯನ್ನೂ ಮೆಲ್ಲಮೆಲ್ಲನೆ ತಿದ್ದುವ ಮನೋಚಿಕಿತ್ಸೆ ಫಲ ಕೊಡುತ್ತದೆ, ಅಗತ್ಯ ಬಿದ್ದರೆ ಔಷಧಿಯೂ ಇದೆ. ಇಂಥವನಿಗೆ "ಮಾತಿಲ್ಲದ ನೌಕರಿ" ಹುಡುಕಿ ಕೊಡುವುದೆಂದರೆ ಮುರಿದ ಕಾಲಿಗೆ ಕಟ್ಟು ಹಾಕದೆ ಕುರ್ಚಿ ತಂದಿಟ್ಟ ಹಾಗೆ.

ಕೊನೆಯದು, ಇತ್ತೀಚೆಗೆ ಬಂದ ಮೌನ. ಮೊದಲು ಸರಿಯಾಗಿದ್ದವನು ಎರಡು ವಾರಕ್ಕೂ ಹೆಚ್ಚು ಕಾಲ ಮಂಕಾಗಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಮೊದಲು ಖುಷಿ ಕೊಡುತ್ತಿದ್ದ ಕೆಲಸವೂ ಬೇಡವಾಗಿದ್ದರೆ ಅದು ಖಿನ್ನತೆ ಇರಬಹುದು. ಬದುಕುವುದರಲ್ಲಿ ಅರ್ಥವಿಲ್ಲ ಎಂಬ ಮಾತು ಒಮ್ಮೆ ಬಂದರೂ ತಡ ಮಾಡಬಾರದು. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯರ ಸೇವೆ ಸಿಗುತ್ತದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.

ಹಲಗೇರಿಯ ಹುಡುಗ ಸ್ಟಾರ್ಟರ್ ಬಿಚ್ಚುವಾಗ ಊಟ ಮರೆಯುತ್ತಾನೆ, ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾನೆ, ಇಬ್ಬರು ಗೆಳೆಯರಿದ್ದಾರೆ, ಅವರ ಜೊತೆ ನಗುತ್ತಾನೆ ಎಂದು ತಂದೆಯೇ ಬರೆದಿದ್ದಾರೆ. ಪತ್ರ ನೋಡಿ ರೋಗ ನಿರ್ಣಯ ಮಾಡಬಾರದು, ಆದರೂ ಇದು ಕಾಯಿಲೆಯ ಲಕ್ಷಣವಾಗಿ ನನಗೆ ಕಾಣುವುದಿಲ್ಲ.

ಕಂಬದ ಮೇಲೆ ಮೌನ ಸಲ್ಲದು

ಈಗ ಬೀಗರ ಮಾತಿಗೆ ಬರೋಣ. ಕೆಲಸದಲ್ಲಿ ಎಷ್ಟು ಒಂಟಿತನವಿದೆ, ಎಷ್ಟು ಮಾತಿದೆ ಎಂಬುದು ಹೊರಗಿನಿಂದ ನೋಡುವವರಿಗೆ ತಿಳಿಯುವುದಿಲ್ಲ. ಹೊಲದ ನಡುವೆ ಕಂಬ ಹತ್ತಿ ಕುಳಿತ ಲೈನ್‌ಮನ್‌ನನ್ನು ನೋಡಿ, ಇವನಿಗಿಂತ ಏಕಾಂಗಿ ಯಾರು ಎನಿಸಬಹುದು. ವಾಸ್ತವವಾಗಿ ಈ ಕೆಲಸದಲ್ಲಿ ಮಾತೇ ಪ್ರಾಣ ಕಾಯುತ್ತದೆ.

11 ಕೆ.ವಿ. ಮಾರ್ಗದಲ್ಲಿ ಕೆಲಸ ಮಾಡಬೇಕೆಂದರೆ ಮೊದಲು ಉಪಕೇಂದ್ರಕ್ಕೆ ಹೇಳಿ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು. ಯಾವ ಫೀಡರ್, ಯಾವ ಭಾಗ, ಯಾರ ಹೆಸರಿನಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನು ಹೇಳಬೇಕು. ಆ ಕಡೆಯವರು ಅದನ್ನೇ ಮರಳಿ ಹೇಳಿ, ಬರೆದುಕೊಳ್ಳಬೇಕು. ಫೀಡರ್ ಬಂದ್ ಆಯಿತೆಂದು ಕೇಳಿಸಿಕೊಂಡ ಮೇಲೆ ತಂತಿಯಲ್ಲಿ ಕರೆಂಟು ಇಲ್ಲವೆಂದು ಪರೀಕ್ಷಿಸಿ, ಡಿಸ್ಚಾರ್ಜ್ ರಾಡಿನಿಂದ ಭೂಮಿಗೆ ಜೋಡಿಸಿ, ಆಮೇಲಷ್ಟೇ ಕೈ ಹಾಕಬೇಕು. ಏಕೆಂದರೆ ಉಪಕೇಂದ್ರದಲ್ಲಿ ಬಂದ್ ಆದರೂ ಯಾರದೋ ಮನೆಯ ಅಥವಾ ಅಂಗಡಿಯ ಜನರೇಟರಿನಿಂದ ಹಿಂದುಮುಂದಾಗಿ ಕರೆಂಟು ಬರಬಹುದು. ಕೆಲಸ ಮುಗಿದ ಮೇಲೆ ಎಲ್ಲರೂ ಕೆಳಗಿಳಿದಿದ್ದಾರೆ ಎಂದು ಹೇಳಿ ಲೈನ್ ಕ್ಲಿಯರ್ ಹಿಂದಿರುಗಿಸುವವರೆಗೆ ಫೀಡರ್ ಚಾಲೂ ಮಾಡುವ ಹಾಗಿಲ್ಲ. ಈ ಸರಪಳಿಯಲ್ಲಿ ಒಬ್ಬ ಸಂಕೋಚದಿಂದ "ಹೂಂ" ಎಂದು ಸುಮ್ಮನಾದರೆ, ಸರಿಯಾಗಿ ಕೇಳಿಸದಿದ್ದರೂ ಮತ್ತೆ ಕೇಳಲು ನಾಚಿದರೆ, ಹೆಣ ಬೀಳುತ್ತದೆ.

ಎಷ್ಟು ಕರೆಂಟು ಮೈಮೇಲೆ ಹರಿದರೆ ಅಪಾಯ ಎಂಬುದೂ ತಿಳಿದಿರಲಿ. ಒಂದು ಮಿಲಿಆಂಪಿಯರ್ ಹರಿದರೆ ಜುಮ್ಮೆನ್ನುತ್ತದೆ. ಹತ್ತರ ಆಸುಪಾಸಿನಲ್ಲಿ ಸ್ನಾಯುಗಳು ಬಿಗಿದುಕೊಂಡು, ಹಿಡಿದ ತಂತಿಯನ್ನು ಬಿಡಲಾಗುವುದಿಲ್ಲ. ಐವತ್ತರಿಂದ ನೂರು ಮಿಲಿಆಂಪಿಯರ್ ಎದೆಯ ಮೂಲಕ ಹಾಯ್ದರೆ ಹೃದಯ ಬಡಿಯುವುದನ್ನು ಬಿಟ್ಟು ಬರಿದೇ ಕಂಪಿಸತೊಡಗುತ್ತದೆ. ಆಗ ಪಕ್ಕದಲ್ಲಿ ಇನ್ನೊಬ್ಬ ಇದ್ದು, ಮೊದಲು ಕರೆಂಟು ತಪ್ಪಿಸಿ, ಎದೆಯ ನಡುವೆ ಎರಡೂ ಕೈಯಿಂದ ಒತ್ತತೊಡಗಿದರೆ ಬದುಕುವ ಅವಕಾಶವಿದೆ. ಒಬ್ಬನೇ ಇದ್ದರೆ ಇಲ್ಲ. ಆದ್ದರಿಂದ ಒಂಟಿಯಾಗಿ ಇರಲು ಇಷ್ಟಪಡುವವನೂ ಕರೆಂಟು ಇರುವ ಕಡೆ ಒಂಟಿಯಾಗಿ ಕೆಲಸ ಮಾಡಬಾರದು. ಮನೆಗಳಲ್ಲಿ 30 ಮಿಲಿಆಂಪಿಯರ್ ಸೋರಿಕೆಗೇ ಕಡಿತಗೊಳಿಸುವ ಸಾಧನ ಹಾಕಿಸುವುದು ಇದೇ ಲೆಕ್ಕದ ಮೇಲೆ. ಬಚ್ಚಲಿನಲ್ಲಿ ಗೀಸರ್ ಇರುವ ಪ್ರತಿ ಮನೆಗೂ ಅದು ಬೇಕು, ಈ ಮಾತು ವಿಷಯಾಂತರವಾದರೂ ಹೇಳಿಬಿಡುತ್ತೇನೆ.

ಅಂತರ್ಮುಖಿಯಲ್ಲಿ ಇಲ್ಲಿ ಒಂದು ಒಳ್ಳೆಯ ಗುಣವೂ ಇದೆ. ಅವನು ಹರಟೆ ಹೊಡೆಯುತ್ತ ಫೀಡರಿನ ಹೆಸರು ತಪ್ಪುವುದಿಲ್ಲ. ಹೇಳಬೇಕಾದ ನಾಲ್ಕು ಮಾತನ್ನು ಅದೇ ಕ್ರಮದಲ್ಲಿ, ಪ್ರತಿಸಲವೂ ಹೇಳುವುದಕ್ಕೆ ಅವನಿಗೆ ಬೇಸರವಿಲ್ಲ. ಮಾತಿನ ಚಮತ್ಕಾರ ಬೇಡ, ಬೇಕಾದಾಗ ಬಾಯಿ ತೆರೆಯುವ ಧೈರ್ಯ ಸಾಕು. ಹಾಗಾಗಿಯೇ ಸ್ವಭಾವದ ಮೌನವನ್ನೂ ಹೆದರಿಕೆಯ ಮೌನವನ್ನೂ ಬೇರ್ಪಡಿಸಿ ನೋಡಬೇಕು ಎಂದು ಇಷ್ಟೊತ್ತು ಹೇಳಿದ್ದು.

ಯಾವ ಕೆಲಸ ಎಂಥವರಿಗೆ?

ಹಳೆಯ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ 1999ರಲ್ಲಿ ಕೆಪಿಟಿಸಿಎಲ್ ಆಯಿತು. 2002ರಲ್ಲಿ ನಮ್ಮ ಭಾಗದ ವಿತರಣೆ ಹೆಸ್ಕಾಂ ಪಾಲಿಗೆ ಬಂತು. ಜನ ಮಾತ್ರ ಇನ್ನೂ "ಕೆಇಬಿ" ಎನ್ನುವುದನ್ನು ಬಿಟ್ಟಿಲ್ಲ. ಅಲ್ಲಿ ಶಾಖಾಧಿಕಾರಿಯ ಕುರ್ಚಿ ಇದೆಯಲ್ಲ, ಅದು ಅಂತರ್ಮುಖಿಗೆ ಎಲ್ಲಕ್ಕಿಂತ ಕಷ್ಟದ ಜಾಗ. ಬೇಸಿಗೆಯಲ್ಲಿ ಟಿಸಿ ಸುಟ್ಟರೆ ಇಡೀ ಊರಿನ ರೈತರು ಬಾಗಿಲಿಗೆ ಬರುತ್ತಾರೆ. ಪೈರು ಒಣಗುತ್ತಿರುವವನ ಸಿಟ್ಟು ನ್ಯಾಯವಾದದ್ದೇ. ಆದರೆ ದಿನಕ್ಕೆ ನೂರು ಜನರ ಸಿಟ್ಟನ್ನು ನಗುಮುಖದಿಂದ ಕೇಳುವುದು ಎಲ್ಲರಿಗೂ ಆಗುವಂಥದಲ್ಲ. ಈ ಕುರ್ಚಿಯಲ್ಲಿ ಕುಳಿತು ರಕ್ತದೊತ್ತಡ, ಹೊಟ್ಟೆಯ ಉರಿ, ನಿದ್ರಾಹೀನತೆ ತಂದುಕೊಂಡವರಿಗೆ ಔಷಧಿಯ ಜೊತೆ, ಸಾಧ್ಯವಾದರೆ ಜಾಗ ಬದಲಿಸಿಕೊಳ್ಳಿ ಎಂಬ ಸಲಹೆಯೂ ಸೇರಬೇಕು.

ಅದೇ ಇಲಾಖೆಯಲ್ಲಿ ಬೇರೆ ಕೋಣೆಗಳೂ ಇವೆ. ಮೀಟರುಗಳನ್ನು ಪರೀಕ್ಷಿಸುವ ಎಂಟಿ ವಿಭಾಗ, ರಿಲೇಗಳನ್ನು ಪರೀಕ್ಷಿಸುವ ಆರ್‌ಟಿ ವಿಭಾಗ ಅಂಥವು. ರಿಲೇ ಎಂದರೆ ಮಾರ್ಗದಲ್ಲಿ ದೋಷ ಬಂದಾಗ ಕ್ಷಣದ ಒಂದು ಚೂರಿನಲ್ಲಿ ಅದನ್ನು ಗುರುತಿಸಿ ಬ್ರೇಕರಿಗೆ ಆಜ್ಞೆ ಕೊಡುವ ಕಾವಲುಗಾರ. ಯಾವ ರಿಲೇ ಎಷ್ಟು ಕರೆಂಟಿಗೆ, ಎಷ್ಟು ಹೊತ್ತಿನ ಮೇಲೆ ಎಚ್ಚರಗೊಳ್ಳಬೇಕು, ಮುಂದಿನದು ಕೆಲಸ ಮಾಡದಿದ್ದರೆ ಹಿಂದಿನದು ಯಾವಾಗ ಕೈ ಹಾಕಬೇಕು ಎಂಬ ಲೆಕ್ಕಾಚಾರ ಗಂಟೆಗಟ್ಟಲೆ ಏಕಾಗ್ರತೆ ಬೇಡುತ್ತದೆ. ಇಬ್ಬರು ಮೂವರ ತಂಡ, ಒಂದು ಪರೀಕ್ಷಾ ಪೆಟ್ಟಿಗೆ, ಒಂದು ನಕ್ಷೆ. ನನ್ನ ಅಭಿಪ್ರಾಯದಲ್ಲಿ ಅಂತರ್ಮುಖಿ ಇಂಜಿನಿಯರಿಗೆ ಇದಕ್ಕಿಂತ ಹಿತವಾದ ಕೆಲಸ ವಿದ್ಯುತ್ ಇಲಾಖೆಯಲ್ಲಿ ಇನ್ನೊಂದಿಲ್ಲ. ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯಗಳದೂ ಇಂಥದೇ ಬಗೆಯ ಕೆಲಸ.

ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರವನ್ನು ಚಿತ್ರದಲ್ಲಿ ನೋಡಿದವರು ಮೋಸಹೋಗುತ್ತಾರೆ. ತಣ್ಣನೆಯ ಕೋಣೆ, ಗೋಡೆತುಂಬ ಪರದೆ, ನಾಲ್ಕು ಜನ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲಕ್ಕೆ ಕೂಡಿಕೊಂಡ ಮೇಲೆ ಇಡೀ ದೇಶ ಒಂದೇ ತಾಳಕ್ಕೆ, 50 ಹರ್ಟ್ಸ್‌ಗೆ, ನಡೆಯಬೇಕು. ಆ ತಾಳ ತಪ್ಪದಂತೆ ನೋಡಿಕೊಳ್ಳುವವರ ಕಿವಿಯಿಂದ ಟೆಲಿಫೋನ್ ಇಳಿಯುವುದೇ ಕಡಿಮೆ. ಚುಟುಕು ಮಾತು, ಗೊತ್ತಾದ ವಿಷಯ, ಗೊತ್ತಾದ ಜನ. ಇಂಥ ಮಾತು ಅಂತರ್ಮುಖಿಗಳಿಗೆ ಅಷ್ಟು ಭಾರವಾಗುವುದಿಲ್ಲ ಎಂಬುದನ್ನೂ ಗಮನಿಸಬೇಕು. ಅವರನ್ನು ದಣಿಸುವುದು ಅಪರಿಚಿತರೊಡನೆ ಗೊತ್ತುಗುರಿಯಿಲ್ಲದ ಹರಟೆ.

ಊರು ಬಿಡಲು ಒಲ್ಲದವರಿಗೂ ದಾರಿ ಇದೆ. ನೀರಿನ ಪಂಪು ಇರುವಲ್ಲೆಲ್ಲ ಮೋಟಾರ್ ರಿವೈಂಡಿಂಗ್ ಅಂಗಡಿ ಬೇಕು. ವೋಲ್ಟೇಜ್ ಇಳಿದಾಗ ಮೋಟಾರು ಹೆಚ್ಚು ಕರೆಂಟು ಎಳೆದು ಕಾಯುತ್ತದೆ. ಮೂರರಲ್ಲಿ ಒಂದು ಫೇಸ್ ಹೋದರಂತೂ ಸುಟ್ಟೇ ಹೋಗುತ್ತದೆ. ಸುಟ್ಟ ಸುರುಳಿ ಕಿತ್ತು, ಸುತ್ತುಗಳನ್ನು ಎಣಿಸಿ, ಅದೇ ಗೇಜಿನ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಾಕಿ, ಒಣಗಿಸಿ, ಮೆಗ್ಗರಿನಲ್ಲಿ ಪರೀಕ್ಷಿಸುವವರೆಗೆ ಎದುರಿಗೆ ಕೂತವನು ಹರಟೆ ಹೊಡೆದರೆ ಎಣಿಕೆ ತಪ್ಪುತ್ತದೆ. ಇಲ್ಲಿ ಮಾತಾಡದಿರುವುದೇ ಅರ್ಹತೆ! ಗಿರಾಕಿಗಳೊಡನೆ ಮಾತಾಡಲು, ಬಾಕಿ ವಸೂಲು ಮಾಡಲು ತಮ್ಮನನ್ನೋ ಪಾಲುದಾರನನ್ನೋ ಮುಂದೆ ಕೂರಿಸಿಕೊಂಡರೆ ಆಯಿತು. ವಾರ್ನಿಷಿನ ಹೊಗೆ ಮಾತ್ರ ತಲೆನೋವು, ಕೆಮ್ಮು ತರುತ್ತದೆ. ಗಾಳಿಯಾಡದ ಮಳಿಗೆಯಲ್ಲಿ ಬಾಗಿಲು ಹಾಕಿಕೊಂಡು ಕೂರಬಾರದು.

ಬ್ಯಾಡಗಿಯಲ್ಲಿ ಮೆಣಸಿನಕಾಯಿಗೆಂದು ಕಟ್ಟಿರುವ ಶೀತಲಗೃಹಗಳಿವೆ. ಕಂಪ್ರೆಸರ್, ಮೋಟಾರು, ನಿಯಂತ್ರಣ ಫಲಕಗಳನ್ನು ನೋಡಿಕೊಳ್ಳುವ ತಂತ್ರಜ್ಞ ಅಲ್ಲಿ ಬೇಕೇ ಬೇಕು. ಗದ್ದಲದ ಮಾರುಕಟ್ಟೆಯ ಪಕ್ಕದಲ್ಲೇ ಶಾಂತವಾದ ನೌಕರಿ. ಉಬ್ಬಸ ಇರುವವರು ಮಾತ್ರ ಮೆಣಸಿನ ಘಾಟನ್ನು ಮೊದಲು ಲೆಕ್ಕ ಹಾಕಬೇಕು. 2023ರ ಜೂನಿನಲ್ಲಿ ಧಾರವಾಡ–ಬೆಂಗಳೂರು ವಂದೇ ಭಾರತ್ ಓಡತೊಡಗಿತು. ಅದು ಹಾವೇರಿ, ರಾಣೇಬೆನ್ನೂರುಗಳ ಮೂಲಕ ಹೋಗುವುದು 25 ಕೆ.ವಿ. ತಂತಿಯ ಕೆಳಗೆ. ಆ ತಂತಿಗೆ ಕರೆಂಟು ಕೊಡುವ ಕೇಂದ್ರಗಳಲ್ಲೂ ಕೆಲಸಗಾರರು ಬೇಕು. ಸರ್ಕಿಟ್ ವಿನ್ಯಾಸ, ಚಿಪ್ ವಿನ್ಯಾಸ, ಸೌರಸ್ಥಾವರಗಳ ನಕ್ಷೆ ತಯಾರಿ ಇವೆಲ್ಲ ಕಂಪ್ಯೂಟರಿನ ಮುಂದೆ ನಡೆಯುವ ಕೆಲಸಗಳು, ಅವುಗಳ ಬಗ್ಗೆ ಎಲ್ಲರಿಗೂ ಗೊತ್ತು.

ಸಂದರ್ಶನಕ್ಕೆ ಹೆದರುವವರಿಗೆ ಒಂದು ಸಮಾಧಾನ. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗೆಜೆಟೆಡ್ ಅಲ್ಲದ ಬಿ ಗುಂಪಿನ ಮತ್ತು ಸಿ, ಡಿ ಗುಂಪಿನ ಹುದ್ದೆಗಳಿಗೆ ಸಂದರ್ಶನವನ್ನು ಕೈಬಿಟ್ಟಿದೆ. 2024ರಲ್ಲಿ ನಮ್ಮ ವಿದ್ಯುತ್ ನಿಗಮಗಳು ಕಿರಿಯ ಪವರ್‌ಮ್ಯಾನ್ ಹುದ್ದೆಗಳಿಗೆ ಅರ್ಜಿ ಕರೆದಾಗ ಕೇಳಿದ್ದು ಎಸ್ಸೆಸ್ಸೆಲ್ಸಿ ಅಂಕ ಮತ್ತು ಕಂಬ ಹತ್ತುವ ಶಕ್ತಿ. ಕಂಬಕ್ಕೆ ಇಂಗ್ಲಿಷ್ ಬರುವುದಿಲ್ಲ.

ಒಬ್ಬ ಏಕಾಂಗಿಯ ಕಥೆ

ವಿದ್ಯುತ್ ಶಾಸ್ತ್ರದಲ್ಲಿ ಏಕಾಂತಪ್ರಿಯರ ಮಾತು ಬಂದಾಗ ಆಲಿವರ್ ಹೆವಿಸೈಡ್‌ನನ್ನು ನೆನೆಯದೆ ಇರಲಾಗದು. 1850ರಲ್ಲಿ ಲಂಡನ್ನಿನ ಬಡ ಕುಟುಂಬದಲ್ಲಿ ಹುಟ್ಟಿದ. ಬಾಲ್ಯದ ಜ್ವರವೊಂದು ಕಿವಿಯನ್ನು ಮಂದ ಮಾಡಿತು. ಹದಿನಾರಕ್ಕೆ ಶಾಲೆ ಬಿಟ್ಟ, ಕೆಲವು ಕಾಲ ತಂತಿ ಕಚೇರಿಯಲ್ಲಿ ದುಡಿದ, 1874ರಲ್ಲಿ ಅದನ್ನೂ ಬಿಟ್ಟು ಮನೆ ಸೇರಿದ. ಮತ್ತೆ ನೌಕರಿ ಮಾಡಲಿಲ್ಲ. ಕೋಣೆಯಲ್ಲಿ ಒಬ್ಬನೇ ಕುಳಿತು ಮ್ಯಾಕ್ಸ್‌ವೆಲ್‌ನ ಜಟಿಲ ಸಮೀಕರಣಗಳನ್ನು ಇಂದು ವಿದ್ಯಾರ್ಥಿಗಳು ಓದುವ ನಾಲ್ಕು ಸಮೀಕರಣಗಳ ರೂಪಕ್ಕೆ ತಂದ. ಇಂಡಕ್ಟನ್ಸ್, ಇಂಪೀಡೆನ್ಸ್ ಎಂಬ ಪದಗಳು ಅವನವೇ. ದೂರದ ತಂತಿಯಲ್ಲಿ ದನಿ ಕೆಡದಂತೆ ಸಾಗಿಸುವ ಸೂತ್ರ ಕೊಟ್ಟ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅರ್ಧ ಕಥೆ. ಮುಪ್ಪಿನಲ್ಲಿ ಅವನ ಏಕಾಂತ ವಿಪರೀತಕ್ಕೆ ಹೋಯಿತು. ಟಾರ್ಕಿ ಎಂಬ ಕಡಲತೀರದ ಊರಿನಲ್ಲಿ ಒಬ್ಬನೇ, ಕಾಯಿಲೆ ಬಿದ್ದು, ನೆರೆಹೊರೆಯವರ ಜೊತೆ ಮನಸ್ತಾಪ ಕಟ್ಟಿಕೊಂಡು ದಿನ ಕಳೆದ. 1922ರಲ್ಲಿ ಮೊತ್ತಮೊದಲ ಫ್ಯಾರಡೆ ಪದಕ ಅವನಿಗೆ ಸಂದಿತು. 1925ರಲ್ಲಿ ತೀರಿಕೊಂಡ. ಅವನ ಬುದ್ಧಿಗೆ ಏಕಾಂತ ಬೇಕಿತ್ತು, ಅವನ ದೇಹಕ್ಕೆ ಬೇಡವಾಗಿತ್ತು ಎಂದು ವೈದ್ಯನಾದ ನನಗೆ ತೋರುತ್ತದೆ.

ಏಕಾಂತವೂ ಒಂಟಿತನವೂ ಒಂದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾಮಾಜಿಕ ಸಂಬಂಧಗಳ ಕುರಿತು ಒಂದು ಆಯೋಗವನ್ನೇ ನೇಮಿಸಿತು. ಒಂಟಿತನ ಹೃದ್ರೋಗ, ಖಿನ್ನತೆಗಳ ಜೊತೆ ತಳಕು ಹಾಕಿಕೊಂಡಿದೆ ಎಂಬುದು ಅದಕ್ಕೆ ಹಿನ್ನೆಲೆ. ಅಂತರ್ಮುಖಿಗೆ ನೂರು ಗೆಳೆಯರು ಬೇಕಿಲ್ಲ, ಇಬ್ಬರು ಸಾಕು. ಆದರೆ ಆ ಇಬ್ಬರು ಇರಲೇಬೇಕು. ಮನೆಯಲ್ಲೇ ಕುಳಿತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು ವಾರದಲ್ಲಿ ಎರಡು ಸಂಜೆಯಾದರೂ ಹೊರಗೆ ಹೋಗಿ, ಪರಿಚಿತರೊಬ್ಬರ ಜೊತೆ ಚಹಾ ಕುಡಿಯಬೇಕು. ಬಿಸಿಲಿಗೆ ಮೈಯೊಡ್ಡದೆ ಡಿ ಜೀವಸತ್ವದ ಕೊರತೆಯೂ ಬರುತ್ತದೆ. ಪರದೆ ನೋಡುವವರು ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿ ಕಣ್ಣಿಗೆ ಬಿಡುವು ಕೊಡಲಿ.

ಇನ್ನು ರಾತ್ರಿ ಪಾಳಿ. ಉಪಕೇಂದ್ರದ ರಾತ್ರಿ ಪಾಳಿಯನ್ನು ಅಂತರ್ಮುಖಿಗಳು ಇಷ್ಟಪಟ್ಟು ಕೇಳಿ ಪಡೆಯುವುದುಂಟು. ಜನರಿಲ್ಲ, ಮೇಲಧಿಕಾರಿ ಇಲ್ಲ, ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ ಮಾತ್ರ. ಮನಸ್ಸಿಗೆ ಹಿತ, ಮೈಗೆ ಅಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲೂ ಮತ್ತೆ 2019ರಲ್ಲೂ ರಾತ್ರಿ ಪಾಳಿಯನ್ನು ಕ್ಯಾನ್ಸರ್ ತರುವ ಸಂಭವವಿರುವ ಅಂಶಗಳ ಪಟ್ಟಿಯಲ್ಲಿ ಇಟ್ಟಿದೆ. ಸಕ್ಕರೆ ಕಾಯಿಲೆ, ಹೃದ್ರೋಗಗಳ ಸಂಭವವೂ ಹೆಚ್ಚು. ವರ್ಷಗಟ್ಟಲೆ ಬರೀ ರಾತ್ರಿಯನ್ನೇ ಕೇಳಿ ಪಡೆಯಬೇಡಿ. ಪಾಳಿಯ ಕೊನೆಯ ಹೊತ್ತಿನಲ್ಲಿ ಚಹಾ ಬೇಡ. ಮನೆಗೆ ಬಂದು ಕಿಟಕಿಗೆ ದಪ್ಪ ಪರದೆ ಹಾಕಿ ಮಲಗಿ. ನಿದ್ದೆಗಣ್ಣಿನಲ್ಲಿ ಬೈಕ್ ಓಡಿಸಿಕೊಂಡು ಹೆದ್ದಾರಿಗೆ ಇಳಿಯಬೇಡಿ.

ಕಾಲೇಜುಗಳಿಗೆ ಒಂದು ಮಾತು

ಗುಂಪಿನಲ್ಲಿ ಕೂರಿಸಿ ಮಾತಾಡಿಸಿ ಇಂಜಿನಿಯರುಗಳನ್ನು ಆರಿಸುವ ಪದ್ಧತಿಯ ಬಗ್ಗೆ ನನಗೆ ತಕರಾರಿದೆ. ಹತ್ತು ಜನರಿಗೆ ಹದಿನೈದು ನಿಮಿಷ. ಯಾರ ದನಿ ದೊಡ್ಡದೋ ಅವರದೇ ಗೆಲುವು. ಮಾರಾಟ ವಿಭಾಗಕ್ಕೆ ಆರಿಸುವುದಾದರೆ ಸರಿ. ರಿಲೇ ಲೆಕ್ಕ ಹಾಕುವವನನ್ನು, ಸರ್ಕಿಟ್ ಬರೆಯುವವನನ್ನು ಹೀಗೆ ಆರಿಸುವುದೆಂದರೆ ಎತ್ತನ್ನು ಅದರ ಕೊರಳ ಗಂಟೆಯ ಸದ್ದು ಕೇಳಿ ಕೊಂಡ ಹಾಗೆ. ಯೋಚಿಸಿ ಮಾತಾಡುವವನು ಯೋಚನೆ ಮುಗಿಸುವಷ್ಟರಲ್ಲಿ ಹದಿನೈದು ನಿಮಿಷ ಮುಗಿದಿರುತ್ತದೆ. ಕಂಪನಿಗಳು ಬದಲಾಗುವವರೆಗೆ ಕಾಯಬೇಕಿಲ್ಲ. ರಾಣೇಬೆನ್ನೂರು, ಹಾವೇರಿ, ಹುಬ್ಬಳ್ಳಿ, ಧಾರವಾಡಗಳ ಕಾಲೇಜುಗಳು ತಾವೇ ಕಂಪನಿಯವರ ಮುಂದೆ ಒಂದು ಬೇಡಿಕೆ ಇಡಬಹುದು. ಕೆಟ್ಟ ಸ್ಟಾರ್ಟರ್ ಒಂದನ್ನು ಮೇಜಿನ ಮೇಲಿಟ್ಟು, ದೋಷ ಹುಡುಕಿ ವಿವರಿಸು ಎಂದು ಒಬ್ಬೊಬ್ಬರಿಗೂ ಇಪ್ಪತ್ತು ನಿಮಿಷ ಕೊಡಲಿ. ಭಾಷೆ ಯಾವುದಾದರೂ ಇರಲಿ. ಮೂಗ ಎನಿಸಿಕೊಂಡವನೂ ತಾನು ಬಿಚ್ಚಿದ ಯಂತ್ರದ ಬಗ್ಗೆ ಮಾತಾಡುತ್ತಾನೆ.

ಪತ್ರ ಬರೆದ ತಂದೆ ಮಾಡಬೇಕಾದದ್ದು ಹೆಚ್ಚಿಲ್ಲ. ಬಂದವರ ಮುಂದೆ ಮಗನ ಮೌನದ ಮಾತು ಎತ್ತಬೇಡಿ. ಲಗ್ನಕ್ಕೆ ಇಡೀ ದಿನ ಬಾ ಎನ್ನುವ ಬದಲು, ಅಕ್ಕಿಕಾಳಿನ ಹೊತ್ತಿಗೆ ಬಂದು ಊಟ ಮಾಡಿ ಹೋಗು ಎನ್ನಿ. ಮಗನಿಗೆ ನನ್ನ ಸಲಹೆ ಎರಡು. ಸಂದರ್ಶನಕ್ಕೆ ಹೋಗುವಾಗ ನೀನೇ ರಿಪೇರಿ ಮಾಡಿದ ಒಂದು ಸ್ಟಾರ್ಟರಿನ ಸರ್ಕಿಟ್ ಬರೆದುಕೊಂಡು ಹೋಗು. ಮಾತು ಬಾರದ ಕಡೆ "ಬರೆದು ತೋರಿಸಲೇ ಸರ್?" ಎಂದು ಕೇಳು. ಇನ್ನೊಂದು, ದಿನಕ್ಕೆ ಒಮ್ಮೆ, ಗೊತ್ತಿಲ್ಲದ ಒಂದು ಸಂಗತಿಯನ್ನು ಗೊತ್ತಿರುವವರೊಬ್ಬರ ಹತ್ತಿರ ಗಟ್ಟಿಯಾಗಿ ಕೇಳುವ ರೂಢಿ ಮಾಡಿಕೋ. ಅಂಗಡಿಯಲ್ಲಿ ತಂತಿಯ ಗೇಜ್ ಯಾವುದೆಂದು ಕೇಳಿದರೂ ಆದೀತು. ಇದು ಮೂರು ತಿಂಗಳು ನಡೆಯಲಿ. ಕೇಳಹೋದಾಗ ಎದೆ ಹೊಡೆದುಕೊಂಡು ಮಾತೇ ಹೊರಡದಿದ್ದರೆ, ಮೂರು ತಿಂಗಳಾದರೂ ಅದು ಕಡಿಮೆಯಾಗದಿದ್ದರೆ, ಧಾರವಾಡದ ಬಸ್ ಹತ್ತಿ ಡಿಮ್ಹಾನ್ಸ್‌ಗೆ ಹೋಗಿ ತೋರಿಸಿಕೊಂಡು ಬರುವುದು ಒಳ್ಳೆಯದು.